ನೆಲದ ಮೇಲೆ ಕೂರುವಾಗ ಮಂಡಿಯೊಳಗೆ ಏನಾಗುತ್ತದೆ? ಚಕ್ಕಳಮಕ್ಕಳ, ವಜ್ರಾಸನ, ಕುಕ್ಕರಗಾಲು: ಕೂರುವ ಮತ್ತು ಏಳುವ ಕ್ರಮ

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮಮ್ಮ ಸಂಜೆ ದೀಪ ಹಚ್ಚಿದ ಮೇಲೆ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವಾಗ ರಾತ್ರಿ ಹತ್ತು ದಾಟಿರುತ್ತಿತ್ತು. ಕೂರಲು ಒಂದು ಮಣೆ, ಎದುರಿಗೆ ಹಸಿ ಅಡಿಕೆ ರಾಶಿ, ಪಕ್ಕದಲ್ಲಿ ಬುಟ್ಟಿ. ಅಷ್ಟು ಹೊತ್ತು ನೆಲದಲ್ಲಿ ಕೂತೂ ಅವಳ ಮಂಡಿ ಹೇಗೆ ತಡೆಯುತ್ತದೆ ಅಂತ ಆಗ ಯೋಚಿಸಿರಲಿಲ್ಲ. ಈಗ ನೆನಪು ಮಾಡಿಕೊಂಡರೆ ಒಂದು ವಿಷಯ ಕಣ್ಣಿಗೆ ಕಟ್ಟುತ್ತದೆ. ಅವಳು ಒಂದೇ ರೀತಿಯಲ್ಲಿ ಹತ್ತು ನಿಮಿಷವೂ ಕೂತದ್ದಿಲ್ಲ. ಒಂದು ಕಾಲು ಮಡಚಿ ಇನ್ನೊಂದು ಮಂಡಿ ಎತ್ತಿ ಕೂರುತ್ತಿದ್ದಳು, ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತಿದ್ದಳು, ಬುಟ್ಟಿ ತುಂಬಿದಾಗ ಎದ್ದು ಸುರಿದು ಬರುತ್ತಿದ್ದಳು, ಮತ್ತೆ ಕೂರುವಾಗ ಇನ್ನೊಂದು ಬಗೆ.

ನಾನು ಬೆಂಗಳೂರಿಗೆ ಬಂದು ಹತ್ತು ವರ್ಷ ಕುರ್ಚಿಯಲ್ಲೇ ಕೂತು ಕೆಲಸ ಮಾಡಿದೆ. ಆಮೇಲೆ ಒಂದು ಯೋಗ ತರಗತಿಗೆ ಸೇರಿದೆ. ಪದ್ಮಾಸನದಲ್ಲಿ ನನ್ನ ಮಂಡಿ ನೆಲಕ್ಕೆ ತಾಗುತ್ತಿರಲಿಲ್ಲ. ಹೇಳಿಕೊಡುತ್ತಿದ್ದವರು ಪಕ್ಕಕ್ಕೆ ಬಂದು ಕೈಯಿಂದ ಮಂಡಿಯನ್ನು ಕೆಳಕ್ಕೆ ಒತ್ತಿದರು. ಒಳಬದಿಯಲ್ಲಿ ಚಟ್ ಅಂದಿತು. ನಾಲ್ಕು ತಿಂಗಳು ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು. ಆ ನಾಲ್ಕು ತಿಂಗಳಲ್ಲಿ ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಾ, ಕೇಳುತ್ತಾ, ಓದುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಮಂಡಿ ಇರುವುದು ಮಡಚಲು. ತಿರುಗುವ ಕೆಲಸ ಮೇಲಿನ ಸೊಂಟದ ಕೀಲಿನದು, ಸ್ವಲ್ಪ ಮಟ್ಟಿಗೆ ಕೆಳಗಿನ ಪಾದದ ಕೀಲಿನದು. ಅವೆರಡೂ ತಮ್ಮ ಪಾಲಿನ ಕೆಲಸ ಮಾಡದಿದ್ದರೆ ಬಾಕಿ ಪೂರ್ತಿ ಮಧ್ಯದಲ್ಲಿರುವ ಮಂಡಿಯ ಮೇಲೆ ಬೀಳುತ್ತದೆ. ನೆಲದ ಮೇಲೆ ಕೂತು ಮಂಡಿ ನೋಯಿಸಿಕೊಳ್ಳುವವರಲ್ಲಿ ತುಂಬ ಜನಕ್ಕೆ ಆಗುವುದು ಇದೇ.

ಮೊದಲು ನಿಮ್ಮ ಮಂಡಿಯನ್ನು ಮುಟ್ಟಿ ನೋಡಿ

ಐದು ನಿಮಿಷ ಸಾಕು. ಓದುತ್ತಾ ಹೋಗಬೇಡಿ, ಮಾಡಿ ನೋಡಿ. ಮುಂದಿನದೆಲ್ಲ ಅರ್ಥವಾಗುವುದು ಇದರಿಂದಲೇ.

ಕುರ್ಚಿಯಲ್ಲಿ ಕೂತುಕೊಳ್ಳಿ. ಹಿಮ್ಮಡಿ ನೆಲದ ಮೇಲಿರಲಿ. ಮಂಡಿಚಿಪ್ಪಿನ ಕೆಳಗೆ ಮೂರು ಬೆರಳು ಇಳಿದರೆ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಅದರ ಮೇಲೆ ಬೆರಳಿಟ್ಟುಕೊಂಡು ಕಾಲಿನ ಹೆಬ್ಬೆರಳನ್ನು ಒಳಕ್ಕೆ, ಹೊರಕ್ಕೆ ತಿರುಗಿಸಿ. ಬೆರಳಿನ ಕೆಳಗೆ ಉಬ್ಬು ಅತ್ತಿತ್ತ ಹೋಗುವುದು ಗೊತ್ತಾಗುತ್ತದೆ, ಅಲ್ವಾ? ಅಂದರೆ ತೊಡೆ ಅಲ್ಲಾಡದೆ ಬರೀ ಕೆಳಗಾಲು ತಿರುಗುತ್ತಿದೆ. ಈಗ ಕಾಲನ್ನು ಪೂರ್ತಿ ನೇರ ಮಾಡಿ, ಹಾಗೇ ತಿರುಗಿಸಿ. ಈ ಸಲ ತಿರುಗುವುದು ತೊಡೆಯ ಸಮೇತ ಇಡೀ ಕಾಲು. ಮಂಡಿ ಬೀಗ ಹಾಕಿಕೊಂಡಿದೆ.

ಇದು ಆರೋಗ್ಯವಂತ ಮಂಡಿಯ ಮೊದಲ ಗುಣ. ನೇರವಾದಾಗ ಬಿಗಿ, ಮಡಚಿದಾಗ ಸಡಿಲ. ಕಾಲು ನೇರವಾಗುವ ಕೊನೆಯ ಇಪ್ಪತ್ತು ಮೂವತ್ತು ಡಿಗ್ರಿಯಲ್ಲಿ ಕೆಳಗಾಲು ಸ್ವಲ್ಪ ಹೊರಕ್ಕೆ ತಿರುಗಿ ತಿರುಪಿನ ಹಾಗೆ ಬಿಗಿಯಾಗುತ್ತದೆ. ಗಂಟೆಗಟ್ಟಲೆ ನಿಂತರೂ ತೊಡೆಯ ಸ್ನಾಯು ಬೇಗ ಸೋಲದಿರಲು ಇದೂ ಒಂದು ಕಾರಣ. ಮತ್ತೆ ಮಡಚಲು ಹೊರಟಾಗ ಮಂಡಿಯ ಹಿಂದಿರುವ ಪಾಪ್ಲಿಟಿಯಸ್ ಅನ್ನುವ ಚಿಕ್ಕ ಸ್ನಾಯು ಆ ಬೀಗ ತೆಗೆಯುತ್ತದೆ.

ಎರಡನೆಯದು. ಗೋಡೆ ಹಿಡಿದು ನಿಂತು, ಒಂದು ಕಾಲನ್ನು ಹಿಂದಕ್ಕೆ ಮಡಚಿ. ಕೈ ಸಹಾಯ ಬೇಡ. ಹಿಮ್ಮಡಿ ಪಿರ್ರೆಗೆ ತಾಗಲ್ಲ, ಒಂದು ಗೇಣು ಹೆಚ್ಚುಕಮ್ಮಿ ಉಳಿದುಬಿಡುತ್ತದೆ. ಸ್ನಾಯುವಿನ ಬಲದಿಂದ ಮಾತ್ರ ಮಂಡಿ ಮಡಚುವುದು ಸುಮಾರು 130ರಿಂದ 140 ಡಿಗ್ರಿ. ಈಗ ಕೈಯಿಂದ ಪಾದ ಹಿಡಿದು ನಿಧಾನಕ್ಕೆ ಎಳೆಯಿರಿ. ತುಂಬ ಜನರಿಗೆ ಹಿಮ್ಮಡಿ ತಾಗುತ್ತದೆ ಅಥವಾ ಹತ್ತಿರ ಬರುತ್ತದೆ. ಆ ಉಳಿದ ಹದಿನೈದು ಇಪ್ಪತ್ತು ಡಿಗ್ರಿ ಬರುವುದು ಹೊರಗಿನ ಬಲದಿಂದ, ಅಂದರೆ ಕೈಯಿಂದ ಅಥವಾ ಮೈಭಾರದಿಂದ. ನಡೆಯುವಾಗ ಮಂಡಿ ಮಡಚುವುದು ಸುಮಾರು 60 ಡಿಗ್ರಿ, ಕುರ್ಚಿಯಿಂದ ಏಳಲು ಬೇಕಾದದ್ದು 90ರ ಆಸುಪಾಸು. ವಜ್ರಾಸನಕ್ಕೆ, ಪೂರ್ತಿ ಕುಕ್ಕರಗಾಲಿಗೆ 150 ದಾಟಬೇಕು. ಇಡೀ ದಿನ ಕುರ್ಚಿ, ಸೋಫಾ, ಬೈಕು, ಪಾಶ್ಚಾತ್ಯ ಕಮೋಡು ಅಂತಲೇ ಕಳೆಯುವವರ ಮಂಡಿ ಆ ಕೊನೆಯ 50 ಡಿಗ್ರಿಯನ್ನು ವರ್ಷಗಟ್ಟಲೆ ನೋಡಿಯೇ ಇರುವುದಿಲ್ಲ. ಅದನ್ನು ಒಂದೇ ದಿನಕ್ಕೆ ಕೊಡು ಅಂದರೆ ಹೇಗೆ ಕೊಟ್ಟೀತು?

ಮೂರನೆಯದು ನನಗೆ ತುಂಬ ಇಷ್ಟ. ಕುರ್ಚಿಯಲ್ಲೇ ಕೂತು ಒಂದು ಕಾಲಿನ ಹರಡನ್ನು ಇನ್ನೊಂದು ಮಂಡಿಯ ಮೇಲೆ ಇಡಿ, ಷೂ ಲೇಸ್ ಕಟ್ಟುವಾಗ ಇಡುತ್ತೇವಲ್ಲ ಹಾಗೆ. ಮೇಲಿಟ್ಟ ಕಾಲಿನ ಮಂಡಿಯ ಹೊರಬದಿಯಲ್ಲಿ ಬೆರಳಾಡಿಸಿ. ಪೆನ್ಸಿಲ್ ದಪ್ಪದ, ವೀಣೆಯ ತಂತಿಯ ಹಾಗೆ ಬಿಗಿದ ಒಂದು ಹುರಿ ಸಿಗುತ್ತದೆ. ಅದು ಮಂಡಿಯ ಹೊರಬದಿಯ ಲಿಗಮೆಂಟು. ಹುರಿ ಕೊನೆಯಾಗುವಲ್ಲಿ ಒಂದು ಗುಂಡು ಮೂಳೆಯಿದೆ. ಅದರ ಸ್ವಲ್ಪ ಕೆಳಗೆ, ಚರ್ಮದ ಅಡಿಯಲ್ಲೇ, ಪಾದ ಎತ್ತುವ ಸ್ನಾಯುಗಳಿಗೆ ಹೋಗುವ ನರ ಸುತ್ತಿಕೊಂಡು ಹೋಗುತ್ತದೆ. ಈ ನರದ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ಹಾಗೇ ಕೂತಿರುವಾಗಲೇ ಇನ್ನೊಂದು ನೋಡಿ. ಮೇಲಿಟ್ಟ ಕೆಳಗಾಲು ನೆಲಕ್ಕೆ ಸಮವಾಗಿ ಅಡ್ಡ ಮಲಗಿದೆಯಾ, ಅಥವಾ ಮಂಡಿ ಗೋಪುರದ ಹಾಗೆ ಮೇಲೆ ನಿಂತಿದೆಯಾ? ಮೇಲೆ ನಿಂತಿದ್ದರೆ ನಿಮ್ಮ ಸೊಂಟದ ಕೀಲು ಬಿಗಿ ಇದೆ ಅಂತ ಅರ್ಥ. ನೆಲದ ಮೇಲೆ ಕೂರುವಾಗ ಎತ್ತರದ ಆಸನ ಬೇಕಾದವರು ನೀವು.

ಒಳಗೆ ನಡೆಯುವುದು

ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಗುಂಡು ಭಾಗಗಳಿವೆ. ಅವು ಕೂತಿರುವುದು ಕೆಳಗಾಲಿನ ಮೂಳೆಯ ಚಪ್ಪಟೆ ತಲೆಯ ಮೇಲೆ. ಗುಂಡಗಿನದು ಚಪ್ಪಟೆಯ ಮೇಲೆ ನಿಲ್ಲಲ್ಲ, ಜಾರುತ್ತದೆ. ಅದಕ್ಕೇ ನಡುವೆ ಎರಡು ಮೆತ್ತೆಗಳಿವೆ, ಮೆನಿಸ್ಕಸ್ ಅಂತ ಹೆಸರು. ಒಂದೊಂದೂ ಅರ್ಧ ಬಳೆಯ ಆಕಾರ. ಹೊರ ಅಂಚು ದಪ್ಪ, ಒಳ ಅಂಚು ತೆಳು.

ಮಂಡಿ ಅಂದರೆ ಬಾಗಿಲ ಕೀಲಿನ ಹಾಗೆ ಬರೀ ಮಡಚಿ ಬಿಡಿಸುವ ಕೀಲು ಅಂತ ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ಸತ್ಯ. ರಾಗಿ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ನಡುವೆ ಗೂಟ, ಸುತ್ತ ತಿರುಗುವ ಕಲ್ಲು. ಮಂಡಿ ಆಳವಾಗಿ ಮಡಚುತ್ತಾ ಹೋದಂತೆ ಒಳಬದಿಯ ಗುಂಡು ಆ ಗೂಟದ ಹಾಗೆ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಹೊರಬದಿಯ ಗುಂಡು ಮಾತ್ರ ಹಿಂದಕ್ಕೆ ಜಾರುತ್ತಾ ಹೋಗುತ್ತದೆ. ಬದುಕಿರುವ ಜನರ ಮಂಡಿಯನ್ನು ಎಂಆರ್‌ಐ ಯಂತ್ರದೊಳಗೆ ಪೂರ್ತಿ ಮಡಚಿಸಿ ನೋಡಿದಾಗ, ಹೊರಬದಿಯ ಗುಂಡು ಕೆಳಮೂಳೆಯ ಹಿಂದಿನ ಅಂಚಿನವರೆಗೂ ಹೋಗಿ ಕೂತಿರುವುದು ಕಂಡಿದೆ. ಹೊರಬದಿಯ ಮೆತ್ತೆಯೂ ಅದರ ಜೊತೆ ಹಿಂದಕ್ಕೆ ಸರಿಯುತ್ತದೆ. ಒಳಬದಿಯ ಮೆತ್ತೆ ಅಕ್ಕಪಕ್ಕಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಷ್ಟು ಸರಿಯಲ್ಲ. ಸಿಕ್ಕಿಹಾಕಿಕೊಂಡು ಹರಿಯುವುದು ಜಾಸ್ತಿ ಅದೇ. ನನ್ನದೂ ಅದೇ ಆಗಿತ್ತು.

ಹೊರಬದಿ ಹಿಂದಕ್ಕೆ, ಒಳಬದಿ ಇದ್ದಲ್ಲೇ. ಹಾಗಾದಾಗ ಏನಾಗಬೇಕು? ತೊಡೆಗೆ ಹೋಲಿಸಿದರೆ ಕೆಳಗಾಲು ಒಳಕ್ಕೆ ತಿರುಗಬೇಕು. ಪೂರ್ತಿ ಮಡಚಿದ ಮಂಡಿ ತಾನಾಗಿಯೇ ಬಯಸುವುದು ಇದನ್ನು. ವಜ್ರಾಸನದಲ್ಲಿ ಕೂತವರ ಪಾದ ಹಿಂದಿನಿಂದ ನೋಡಿ. ಹೆಬ್ಬೆರಳುಗಳು ಒಂದಕ್ಕೊಂದು ತಾಗಿರುತ್ತವೆ, ಹಿಮ್ಮಡಿಗಳು ಅಗಲವಾಗಿ ಬಟ್ಟಲಿನ ಹಾಗೆ ತೆರೆದಿರುತ್ತವೆ. ಯಾರೂ ಹೇಳಿಕೊಡದಿದ್ದರೂ ಮಕ್ಕಳು ಹಾಗೇ ಕೂರುತ್ತವೆ.

ಮಂಡಿಚಿಪ್ಪಿನ ಕತೆ ಬೇರೆ. ಕಾಲು ನೇರ ಇರುವಾಗ ಅದು ಕೀಲಿನ ಮುಂದೆ ಸಡಿಲವಾಗಿ ತೇಲುತ್ತಿರುತ್ತದೆ, ಬೆರಳಿನಿಂದ ಅತ್ತಿತ್ತ ಆಡಿಸಬಹುದು. ಮಡಚಿದಂತೆ ತೊಡೆಮೂಳೆಯ ತೋಡಿನೊಳಗೆ ಇಳಿಯುತ್ತದೆ. ಪೂರ್ತಿ ಮಡಚಿದಾಗ ಎರಡು ಗುಂಡುಗಳ ನಡುವಿನ ತಗ್ಗಿನಲ್ಲಿ ಮುಳುಗಿಬಿಡುತ್ತದೆ. ಕುಕ್ಕರಗಾಲಿನಲ್ಲಿ ಕೂತು ಮಂಡಿಯ ಮುಂಭಾಗ ನೋಡಿ, ಚಪ್ಪಟೆಯಾಗಿರುತ್ತದೆ, ಅಕ್ಕಪಕ್ಕದಲ್ಲಿ ಎರಡು ಮೂಳೆಯ ಗುಡ್ಡ ಕೈಗೆ ಸಿಗುತ್ತವೆ. ಈ ಒತ್ತಡ ತಡೆಯಲೆಂದೇ ಚಿಪ್ಪಿನ ಹಿಂಬದಿಯ ಮೃದ್ವಸ್ಥಿ ಇಡೀ ದೇಹದಲ್ಲೇ ಅತ್ಯಂತ ದಪ್ಪ. ಆ ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಕೀಲಿನೊಳಗಿನ ನೀರೇ ಅದಕ್ಕೆ ಊಟ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ಮಾತ್ರ ಆ ನೀರು ಒಳಗೂ ಹೊರಗೂ ಓಡಾಡುತ್ತದೆ. ಅಮ್ಮ ಗೊತ್ತಿಲ್ಲದೇ ಮಾಡುತ್ತಿದ್ದದ್ದು ಇದನ್ನೇ.

ಇನ್ನು ಕೂರುವ ಕ್ರಮಕ್ಕೆ ಬರೋಣ.

ಚಕ್ಕಳಮಕ್ಕಳ

ಊಟದ ಪಂಕ್ತಿಯಲ್ಲಿ, ಪೂಜೆಯಲ್ಲಿ, ಸಂಗೀತ ಕಛೇರಿಯಲ್ಲಿ ನಾವು ಕೂರುವುದು ಹೀಗೆ. ಮಂಡಿಯ ಮಟ್ಟಿಗೆ ಇದು ವಜ್ರಾಸನಕ್ಕಿಂತ ಕಡಿಮೆ ಮಡಿಕೆ. ಆದರೆ ಸೊಂಟದ ಕೀಲಿಗೆ ಕೆಲಸ ಜಾಸ್ತಿ. ತೊಡೆ ಮುಂದಕ್ಕೂ ಬರಬೇಕು, ಪಕ್ಕಕ್ಕೂ ಅಗಲಬೇಕು, ಜೊತೆಗೆ ಹೊರಕ್ಕೆ ಹೊರಳಬೇಕು.

ಮೊದಲು ಎತ್ತರ. ಒಂದು ಮಣೆ ಹಾಕಿ, ಅಥವಾ ಜಮಖಾನ ನಾಲ್ಕು ಮಡಿಕೆ ಮಾಡಿ. ಅದರ ಅಂಚಿನಲ್ಲಿ ಕೂತುಕೊಳ್ಳಿ. ಎಷ್ಟು ಎತ್ತರ ಬೇಕು ಅನ್ನುವುದಕ್ಕೆ ಲೆಕ್ಕ ಸುಲಭ: ಕೂತ ಮೇಲೆ ಮಂಡಿಗಳು ಸೊಂಟದ ಮಟ್ಟಕ್ಕಿಂತ ಮೇಲಿದ್ದರೆ ಎತ್ತರ ಸಾಲದು, ಇನ್ನೊಂದು ಮಡಿಕೆ ಸೇರಿಸಿ. ಮಂಡಿ ಮೇಲಿದ್ದಾಗ ಸೊಂಟ ಹಿಂದಕ್ಕೆ ಕುಸಿಯುತ್ತದೆ, ಬೆನ್ನು ಗೂನಾಗುತ್ತದೆ, ಅದನ್ನು ಸರಿ ಮಾಡಲು ಹೋಗಿ ನಾವು ಪಾದವನ್ನು ಒಳಕ್ಕೆ ಎಳೆದುಕೊಳ್ಳುತ್ತೇವೆ, ಆಗ ತಿರುಚು ಪೂರ್ತಿ ಮಂಡಿಗೆ ಹೋಗುತ್ತದೆ. ಎತ್ತರ ಹಾಕಿಕೊಳ್ಳಲು ನಾಚಿಕೆ ಬೇಡ. ಹಿಂದಿನವರ ಮನೆಯಲ್ಲಿ ಊಟಕ್ಕೂ ಮಣೆ ಇರುತ್ತಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಯೋಗವನ್ನು ಜಗತ್ತಿಗೆ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಂತೂ ಕಂಬಳಿ, ದಿಂಬು, ಮರದ ತುಂಡು, ಬೆಲ್ಟು ಎಲ್ಲವೂ ಪಾಠದ ಭಾಗವೇ.

ಈಗ ಕಾಲು ಮಡಚುವ ಕ್ರಮ. ಇಲ್ಲಿ ಅವಸರ ಬೇಡ, ನನ್ನ ಮಂಡಿ ಹಾಳಾದದ್ದೂ ಇಲ್ಲೇ, ಸರಿಯಾದದ್ದೂ ಇಲ್ಲೇ. ಕಾಲು ಎರಡೂ ಮುಂದಕ್ಕೆ ಚಾಚಿರಲಿ. ಬಲಗಾಲಿನ ಮಂಡಿಯನ್ನು ಮೊದಲು ನೇರ ಮೇಲಕ್ಕೆ ಮಡಚಿ, ಮಂಡಿ ಸೂರು ನೋಡುತ್ತಿರಲಿ, ಹಿಮ್ಮಡಿ ತೊಡೆಯ ಬುಡದ ಕಡೆ ಬರಲಿ. ಅಂದರೆ ಮಂಡಿ ಮೊದಲು ಮುಚ್ಚಿಕೊಳ್ಳಬೇಕು. ಮುಚ್ಚಿಕೊಂಡ ಮೇಲೆ, ಹಾಗೇ ಮುಚ್ಚಿದ ಕಾಲನ್ನು ತೊಡೆಸಂದಿಯಿಂದ ಹೊರಕ್ಕೆ ಹೊರಳಿಸಿ ಮಲಗಿಸಿ. ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಕೈ ಹರಡಿನ ಕೆಳಗೆ ಇಟ್ಟು, ಮಲಗಿದ ಮಗುವನ್ನು ಎತ್ತಿ ಇಡುವ ಹಾಗೆ ಇಡೀ ಕೆಳಗಾಲನ್ನು ಒಟ್ಟಿಗೆ ತನ್ನಿ. ಪಾದದ ತುದಿ ಹಿಡಿದು ಎಳೆಯಬೇಡಿ. ಪಾದ ಎಳೆದರೆ ಉದ್ದದ ಹಾರೆ ಮೀಟಿದ ಹಾಗೆ ಬಲ ಪೂರ್ತಿ ಮಂಡಿಗೆ ಬೀಳುತ್ತದೆ.

ಎಡಗಾಲೂ ಹಾಗೆಯೇ. ಕೆಳಗಾಲುಗಳು ಮಧ್ಯದಲ್ಲಿ ಅಡ್ಡ ಬರಲಿ, ಪಾದಗಳು ಎದುರಿನ ಮಂಡಿಯ ಕೆಳಗೆ ಇರಲಿ. ಪಾದವನ್ನು ಸೋತು ಬೀಳಲು ಬಿಡದೆ ಬೆರಳುಗಳನ್ನು ಸ್ವಲ್ಪ ಕೆಳಗಾಲಿನ ಕಡೆ ಎಳೆದುಕೊಂಡರೆ ಕೆಳಗಾಲು ಗಟ್ಟಿಯಾಗಿ ನಿಲ್ಲುತ್ತದೆ, ಮಂಡಿಗೆ ರಕ್ಷಣೆ. ಮಂಡಿಯ ಕೆಳಗೆ ಸಂದು ಉಳಿದಿದೆಯಾ? ಉಳಿಯಲಿ. ಅಲ್ಲಿಗೆ ಒಂದು ಟವೆಲ್ ಸುರುಳಿ ಅಥವಾ ಚಿಕ್ಕ ದಿಂಬು ತುಂಬಿಸಿ. ಕೈಯಿಂದ ಒತ್ತಬೇಡಿ, ಬೇರೆಯವರಿಗೆ ಒತ್ತಲು ಬಿಡಲೇಬೇಡಿ. ಸೊಂಟದ ಕೀಲು ಹೊರಳದೆ ನಿಂತಿರುವಾಗ ಮಂಡಿಯನ್ನು ಕೆಳಕ್ಕೆ ತಳ್ಳಿದರೆ ಹೊರಬದಿ ಬಾಯಿ ಬಿಡುತ್ತದೆ, ಒಳಬದಿಯ ಮೆತ್ತೆ ಎರಡು ಮೂಳೆಗಳ ನಡುವೆ ಸಿಕ್ಕಿ ಜಜ್ಜುತ್ತದೆ. ಆ ಹೊರಬದಿಯ ಪೆನ್ಸಿಲ್ ಹುರಿ ಇದೆಯಲ್ಲ, ಮಂಡಿ ಮಡಚಿದಾಗ ಹೊರಬದಿ ಸ್ವಲ್ಪ ಸಡಿಲವಾಗಿಯೇ ಇರುತ್ತದೆ, ಚಕ್ಕಳಮಕ್ಕಳ ಹಾಕಲು ಅದು ಅನುಕೂಲವೇ. ಆ ಸಡಿಲಕ್ಕೂ ಒಂದು ಮಿತಿ ಇದೆ.

ಪದ್ಮಾಸನಕ್ಕೆ ಹೋಗುವವರು ಕುರ್ಚಿಯ ಮೇಲಿನ ಆ ಪರೀಕ್ಷೆಯಲ್ಲಿ ಕೆಳಗಾಲು ಅಡ್ಡ ಮಲಗುವವರೆಗೂ ಕಾಯುವುದು ಒಳ್ಳೆಯದು. ಕೆಲವರ ಸೊಂಟದ ಕೀಲಿನ ಮೂಳೆಯ ಆಕಾರವೇ ಅಷ್ಟು ಹೊರಳಲು ಬಿಡುವುದಿಲ್ಲ. ಅಭ್ಯಾಸದಿಂದ ಸ್ನಾಯು ಸಡಿಲವಾಗುತ್ತದೆ, ಮೂಳೆ ಬದಲಾಗುವುದಿಲ್ಲ.

ಇನ್ನೊಂದು ಚಿಕ್ಕ ಮಾತು. ನಾವೆಲ್ಲ ಯಾವಾಗಲೂ ಒಂದೇ ಕಾಲು ಮುಂದಿಟ್ಟು ಕೂರುತ್ತೇವೆ. ಇವತ್ತು ಗಮನಿಸಿ, ನಾಳೆ ಇನ್ನೊಂದು ಕಾಲು ಮುಂದಿಡಿ. ಮೊದಲು ವಿಚಿತ್ರ ಅನ್ನಿಸುತ್ತದೆ.

ಮಂಡಿಯೂರುವುದು, ವಜ್ರಾಸನ

ಇವೆರಡೂ ಒಂದೇ ಅಲ್ಲ. ಮಂಡಿಯೂರಿ ಸೆಟೆದು ನಿಂತಾಗ ಮಂಡಿ 90 ಡಿಗ್ರಿ ಮಡಚಿರುತ್ತದೆ, ಮೈಭಾರವೆಲ್ಲ ಚಿಪ್ಪಿನ ಕೆಳ ಅಂಚಿನ ಮೇಲೆ ಮತ್ತು ಮೊದಲು ಮುಟ್ಟಿ ನೋಡಿದ ಆ ಉಬ್ಬಿನ ಮೇಲೆ ಬೀಳುತ್ತದೆ. ಚರ್ಮಕ್ಕೂ ಮೂಳೆಗೂ ನಡುವೆ ಅಲ್ಲಿ ಇರುವುದು ಬರ್ಸಾ ಅನ್ನುವ ತೆಳು ನೀರಿನ ಚೀಲ ಮಾತ್ರ. ಟೈಲ್ಸ್ ಹಾಕುವವರಿಗೆ, ಮಂಡಿಯೂರಿ ನೆಲ ಒರೆಸುವವರಿಗೆ ಮಂಡಿಯ ಮುಂದೆ ನಿಂಬೆಹಣ್ಣಿನಷ್ಟು ಊದಿಕೊಳ್ಳುವುದು ಅದೇ ಚೀಲ. ಶಾಲೆಯಲ್ಲಿ ನಮ್ಮನ್ನು ತರಗತಿಯ ಹೊರಗೆ ಜಲ್ಲಿಕಲ್ಲಿನ ಮೇಲೆ ಮಂಡಿಯೂರಿಸುತ್ತಿದ್ದರು. ಯಾವ ಮಗುವಿಗೂ ಹಾಗೆ ಮಾಡಬಾರದು.

ಬಡಗುತಿಟ್ಟಿನ ಯಕ್ಷಗಾನದಲ್ಲಿ ಪುಂಡುವೇಷದವರು ಮಂಡಿ ಹಾಕಿ ಸುತ್ತುವುದನ್ನು ನೋಡಿದ್ದೀರಲ್ಲ? ಅದರಲ್ಲಿ ಭಾರ ಒಂದು ಮಂಡಿಯ ಮೇಲೆ ನಿಲ್ಲುವುದೇ ಇಲ್ಲ, ಕ್ಷಣಕ್ಷಣಕ್ಕೂ ಒಂದರಿಂದ ಇನ್ನೊಂದಕ್ಕೆ ದಾಟುತ್ತಿರುತ್ತದೆ. ವರ್ಷಗಳ ಸಾಧನೆ ಅದು. ಮನೆಯಲ್ಲಿ ಮಕ್ಕಳು ಮೊಸಾಯಿಕ್ ನೆಲದ ಮೇಲೆ ಅನುಕರಿಸಿದರೆ ಕೆಳಗೆ ಕಂಬಳಿ ಹಾಸಿಕೊಡಿ.

ಹಿಂದಕ್ಕೆ ಹಿಮ್ಮಡಿಯ ಮೇಲೆ ಕೂತರೆ ಅದು ವಜ್ರಾಸನ. ನಮಾಜಿನಲ್ಲಿ ಕೂರುವುದೂ, ಜಪಾನಿನವರ ಸೇಜಾ ಕೂಡ ಮಂಡಿಯ ಮಟ್ಟಿಗೆ ಹೆಚ್ಚುಕಮ್ಮಿ ಇದೇ. ಇಲ್ಲಿ ಭಾರ ಮಂಡಿಯ ಮುಂಭಾಗ ಬಿಟ್ಟು ಕೆಳಗಾಲು, ಪಾದಗಳ ಮೇಲೆ ಹರಡುತ್ತದೆ. ಜೊತೆಗೆ ಮೀನಖಂಡವೂ ತೊಡೆಯೂ ಒಂದಕ್ಕೊಂದು ಒತ್ತಿಕೊಂಡು ದಿಂಬಿನ ಹಾಗೆ ಒಂದಿಷ್ಟು ಭಾರ ಹೊರುತ್ತವೆ. ಹಾಗಾಗಿ ಆಳವಾಗಿ ಕೂತಷ್ಟೂ ಮಂಡಿಯ ಮೇಲೆ ಭಾರ ಜಾಸ್ತಿ ಅನ್ನುವುದು ಪೂರ್ತಿ ನಿಜವಲ್ಲ.

ಮಾಡುವುದು ಹೀಗೆ. ಕಂಬಳಿ ಎರಡು ಮಡಿಕೆ ಹಾಸಿ. ಅದರ ಮೇಲೆ ಮಂಡಿಯೂರಿ, ಮಂಡಿಗಳ ನಡುವೆ ಒಂದು ಮುಷ್ಟಿ ಅಂತರ ಇರಲಿ. ಹೆಬ್ಬೆರಳುಗಳು ಹತ್ತಿರ, ಹಿಮ್ಮಡಿಗಳು ದೂರ, ಪಾದದ ಬೆರಳುಗಳು ನೇರ ಹಿಂದಕ್ಕೆ. ಹಿಮ್ಮಡಿಗಳ ಮೇಲೆ ಒಂದು ದಿಂಬು ಇಟ್ಟುಕೊಳ್ಳಿ, ಹೊಸಬರಿಗೆ ಎರಡಾದರೂ ಸರಿ. ಎರಡೂ ಕೈ ಮುಂದೆ ನೆಲಕ್ಕೆ ಊರಿ. ಕೂರುವ ಮೊದಲು ಒಂದೊಂದೇ ಕೈಯಿಂದ ಮೀನಖಂಡದ ಮಾಂಸವನ್ನು ಹಿಂದಕ್ಕೂ ಹೊರಕ್ಕೂ ಸರಿಸಿ, ಮಂಡಿಯ ಹಿಂದಿನ ಸಂದಿಯಲ್ಲಿ ಅದು ಗುಪ್ಪೆಯಾಗದಿರಲಿ. ಈಗ ಕೈ ನೆಲದಲ್ಲೇ ಇಟ್ಟು ನಿಧಾನಕ್ಕೆ ಹಿಂದಕ್ಕೆ ಹೋಗಿ. ಎಲ್ಲಿ ಬಿಗಿ ಅನ್ನಿಸುತ್ತದೋ ಅಲ್ಲಿ ನಿಂತು ಎರಡು ಉಸಿರು ತೆಗೆದುಕೊಳ್ಳಿ. ಭಾರ ದಿಂಬಿಗೆ ಬಿದ್ದ ಮೇಲೆ ಮಾತ್ರ ಕೈ ಎತ್ತಿ.

ಮಂಡಿಯ ಹಿಂದೆ ಸಿಕ್ಕಿಕೊಂಡ ಹಾಗಾದರೆ ಒಂದು ಪಂಚೆ ಮಡಚಿ ಆ ಸಂದಿಯಲ್ಲಿ ಇಟ್ಟುಕೊಂಡು ಕೂತು ನೋಡಿ, ಹಾಯ್ ಅನ್ನಿಸುತ್ತದೆ. ಪಾದದ ಮುಂಭಾಗ ನೋವಾದರೆ ಹರಡಿನ ಕೆಳಗೆ ಟವೆಲ್ ಸುರುಳಿ. ಹಿಮ್ಮಡಿಗಳ ನಡುವೆ ನೆಲಕ್ಕೇ ಕೂರುವ ವೀರಾಸನ ಮಾಡುವವರು ಪಾದದ ಬೆರಳುಗಳನ್ನು ಹೊರಕ್ಕೆ ತಿರುಗಲು ಬಿಡಬಾರದು. ಆಳವಾಗಿ ಮಡಚಿದ ಮಂಡಿ ಕೆಳಗಾಲನ್ನು ಒಳಕ್ಕೆ ತಿರುಗಿಸಿಕೊಳ್ಳಲು ನೋಡುತ್ತಿರುವಾಗ ನಾವು ಹೊರಕ್ಕೆ ತಿರುಗಿಸಿದರೆ ಒಳಬದಿಯ ಲಿಗಮೆಂಟು ಎಳೆಯುತ್ತದೆ.

ಮೊದಲ ವಾರ ಒಂದು ನಿಮಿಷ ಸಾಕು.

ಕುಕ್ಕರಗಾಲು

ಲಾಹೋರಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಅನ್ನುವ ವೈದ್ಯರು 1890ರ ದಶಕದಲ್ಲಿ ಪಂಜಾಬಿನವರ ಕಾಲಿನ ಮೂಳೆಗಳನ್ನು ಪರೀಕ್ಷಿಸಿ, ಕುಕ್ಕರಗಾಲಿನಲ್ಲಿ ಕೂರುವ ರೂಢಿಗೂ ಮೂಳೆಗಳ ಮೇಲಿನ ಗುರುತುಗಳಿಗೂ ಇರುವ ನಂಟನ್ನು ಬರೆದರು. ಪಾದದ ಕೀಲಿನ ಮುಂಭಾಗದಲ್ಲಿ, ಎರಡು ಮೂಳೆ ತಾಗುವಲ್ಲಿ, ಚಿಕ್ಕ ನಯವಾದ ಮುಖವೇ ಮೂಡಿರುತ್ತದೆ. ಹಳೆಯ ಅಸ್ಥಿಗಳನ್ನು ಅಗೆದು ತೆಗೆಯುವವರು ಇವತ್ತಿಗೂ ಈ ಗುರುತು ನೋಡಿ ಆ ಜನ ಹೇಗೆ ಕೂರುತ್ತಿದ್ದರು ಅಂತ ಊಹಿಸುತ್ತಾರೆ. ನನಗೆ ಇದರಲ್ಲಿ ಕಂಡ ಪಾಠ ಬೇರೆ: ಕುಕ್ಕರಗಾಲಿನ ಕೀಲಿಕೈ ಮಂಡಿಗಿಂತ ಪಾದದ ಕೀಲಿನಲ್ಲಿದೆ.

ಪರೀಕ್ಷೆ ಮಾಡಿ. ಕಿಟಕಿಯ ಸರಳೋ ಗಟ್ಟಿ ಮೇಜೋ ಹಿಡಿದುಕೊಂಡು, ಪಾದ ಭುಜದಷ್ಟು ಅಗಲಿಸಿ, ಬೆರಳುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಇಳಿಯಿರಿ. ಹಿಮ್ಮಡಿ ನೆಲ ಬಿಟ್ಟಿತಾ? ಹಾಗಾದರೆ ಪಾದದ ಕೀಲು ಬಿಗಿ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕೂತರೆ ಮಂಡಿ ಮುಂದಕ್ಕೆ ತೂರುತ್ತದೆ, ಚಿಪ್ಪಿನ ಮೇಲೆ ಒತ್ತಡ ಏರುತ್ತದೆ. ಹಿಮ್ಮಡಿಯ ಕೆಳಗೆ ಚಾಪೆಯ ಸುರುಳಿಯನ್ನೋ ಒಂದು ಇಂಚಿನ ಹಲಗೆಯನ್ನೋ ಇಡಿ. ದಿನ ಕಳೆದಂತೆ ತೆಳ್ಳಗೆ ಮಾಡುತ್ತಾ ಬನ್ನಿ.

ಇಳಿಯುವಾಗ ಮಂಡಿಗಳು ಪಾದದ ಎರಡನೇ ಬೆರಳಿನ ದಿಕ್ಕಿಗೇ ಹೋಗಲಿ, ಒಳಕ್ಕೆ ಬಾಗಿ ಒಂದಕ್ಕೊಂದು ಸೇರಬಾರದು. ಮಧ್ಯದಲ್ಲಿ ನಿಲ್ಲಬೇಡಿ. ತೊಡೆ ನೆಲಕ್ಕೆ ಸಮವಾಗಿರುವ ಆ ಅರ್ಧ ದಾರಿಯೇ ಮಂಡಿಗೂ ತೊಡೆಗೂ ಅತಿ ಕಷ್ಟದ ಜಾಗ. ಬಸ್ ನಿಲ್ದಾಣದ ಶೌಚಾಲಯದಲ್ಲಿ ಕೂರಲು ಮನಸ್ಸಾಗದೆ ಅರ್ಧಕ್ಕೆ ತೂಗಿಕೊಂಡು ನಿಂತವರಿಗೆ ತೊಡೆ ಉರಿದದ್ದು ನೆನಪಿರುತ್ತದೆ. ಪೂರ್ತಿ ಇಳಿದು ಮೀನಖಂಡದ ಮೇಲೆ ತೊಡೆ ಕೂತಾಗ ಭಾರ ಹಂಚಿಹೋಗಿ ಹಗುರವಾಗುತ್ತದೆ.

ಕೂತಿರುವಾಗ ಒಂದು ಎಚ್ಚರಿಕೆ. ಹಿಂದಿನಿಂದ ಯಾರೋ ಕರೆದರು ಅಂತ ಪಾದ ಊರಿಕೊಂಡೇ ಸೊಂಟ ತಿರುಗಿಸಬೇಡಿ, ಹಾಗೇ ತಿರುಚಿ ಎದ್ದೇಳಲೂ ಬೇಡಿ. ಆಳವಾಗಿ ಮಡಚಿದಾಗ ಮೆತ್ತೆಗಳ ಹಿಂದಿನ ಅಂಚು ಮೂಳೆಗಳ ನಡುವೆ ಒತ್ತಿಕೊಂಡಿರುತ್ತದೆ. ಆಗ ಭಾರದ ಜೊತೆ ತಿರುಚು ಸೇರಿದರೆ ಹರಿಯಲು ಅಷ್ಟೇ ಸಾಕು. ಗಿಡ ನೆಡುವಾಗ, ಕಳೆ ಕೀಳುವಾಗ ಪಕ್ಕಕ್ಕೆ ಹೋಗಬೇಕಾದರೆ ಪಾದಗಳನ್ನೇ ಎತ್ತಿಡಿ.

ಎಷ್ಟು ಹೊತ್ತು, ಯಾವ ನೋವಿಗೆ ನಿಲ್ಲಿಸಬೇಕು

ನೆಲದ ಮೇಲೆ ಕೂರುವುದು ಒಳ್ಳೆಯದು ಅಂತ ನಂಬಿರುವವನು ನಾನು. ಆದರೂ ಒಂದು ವಿಷಯ ಮುಚ್ಚಿಡಲಾರೆ. ಬೀಜಿಂಗಿನ ವಯಸ್ಸಾದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರೆಯದಲ್ಲಿ ದಿನವೂ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದವರಿಗೆ ಮಂಡಿ ಸವೆತ ಹೆಚ್ಚು ಕಂಡಿತು. ಭಂಗಿ ಕೆಟ್ಟದ್ದು ಅಂತ ನಾನು ಅದನ್ನು ಓದುವುದಿಲ್ಲ. ಅದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದು ಬೇಡ ಅಂತ ಓದುತ್ತೇನೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಾಲು ಬದಲಿಸಿ, ಚಾಚಿ, ಬೇಕಾದರೆ ಎದ್ದು ನೀರು ಕುಡಿದು ಬನ್ನಿ.

ತೊಡೆಯ ಮುಂದೆ ಎಳೆತ, ತೊಡೆಸಂದಿಯಲ್ಲಿ ಬಿಗಿತ, ಪಾದದ ಮೇಲೆ ಒತ್ತಿದ ಹಾಗೆ ಆಗುವುದು, ಇವೆಲ್ಲ ಸಹಜ. ನೋವಿಲ್ಲದ ಲಟಲಟ ಶಬ್ದಕ್ಕೂ ಹೆದರಬೇಡಿ. ಆದರೆ ಮಂಡಿಯ ಸಂದಿನೊಳಗೆ, ಅದರಲ್ಲೂ ಒಳಬದಿಯಲ್ಲಿ, ಸೂಜಿ ಚುಚ್ಚಿದ ಹಾಗಾದರೆ ಆ ಕ್ಷಣ ಹೊರಗೆ ಬನ್ನಿ. ಕಾಲು ಮಧ್ಯದಲ್ಲಿ ಸಿಕ್ಕಿಕೊಂಡು ನೇರ ಮಾಡಲು ಬರದಿದ್ದರೆ, ಸಂಜೆಗೆ ಮಂಡಿ ಊದಿದರೆ, ನಡೆಯುವಾಗ ಮಂಡಿ ಕೈಕೊಟ್ಟ ಹಾಗಾದರೆ, ಕೆಂಪಾಗಿ ಬಿಸಿಯಾಗಿದ್ದರೆ ಮೂಳೆ ವೈದ್ಯರ ಹತ್ತಿರ ಹೋಗಿ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಹೆಚ್ಚಿನವರ ಮಂಡಿ ಮಡಚುವುದು 110ರಿಂದ 120 ಡಿಗ್ರಿಯ ಸುತ್ತಮುತ್ತ. ಈ ಲೇಖನದ ಯಾವ ಭಂಗಿಯನ್ನೂ ಅವರು ತಮ್ಮ ಶಸ್ತ್ರಚಿಕಿತ್ಸಕರನ್ನು ಕೇಳದೆ ಮಾಡಬಾರದು.

ಏಳುವುದು

ಕೂರುವುದಕ್ಕಿಂತ ಏಳುವಾಗಲೇ ಪೆಟ್ಟಾಗುವುದು ಜಾಸ್ತಿ. ಚಕ್ಕಳಮಕ್ಕಳದಿಂದ ನೇರ ಮೇಲಕ್ಕೆ ಚಿಮ್ಮಬೇಡಿ. ಮೊದಲು ಎರಡೂ ಕಾಲನ್ನು ಕೈಯಿಂದ ಬಿಡಿಸಿ ಮುಂದಕ್ಕೆ ಚಾಚಿ, ಹತ್ತು ಸಲ ಪಾದ ಹಿಂದೆ ಮುಂದೆ ಆಡಿಸಿ. ಪಕ್ಕಕ್ಕೆ ಹೊರಳಿ ಕೈ ಊರಿ, ನಾಲ್ಕು ಕಾಲಿನ ಮೇಲೆ ಬನ್ನಿ. ಬಲ ಇರುವ ಕಾಲಿನ ಪಾದವನ್ನು ಮುಂದೆ ಇಡಿ, ಪೂರ್ತಿ ಪಾದ ನೆಲಕ್ಕೆ ತಾಗಲಿ. ಆ ತೊಡೆಯ ಮೇಲೆ ಎರಡೂ ಕೈ ಇಟ್ಟು, ಮುಂದಕ್ಕೆ ಬಾಗಿ, ಮೇಲೆ ಬನ್ನಿ. ವಯಸ್ಸಾದವರಿಗೆ ಪಕ್ಕದಲ್ಲಿ ಒಂದು ಗಟ್ಟಿ ಸ್ಟೂಲ್ ಇರಲಿ. ಅಮ್ಮ ಈಗ ಕಂಬದ ಹತ್ತಿರವೇ ಮಣೆ ಹಾಕಿಕೊಳ್ಳುತ್ತಾಳೆ.

ಜೋಮು ಹಿಡಿದಿದ್ದರೆ ಮಾತ್ರ ಏಳಲೇಬೇಡಿ. ಮಂಡಿಯ ಹೊರಬದಿಯ ಗುಂಡು ಮೂಳೆಯ ಕೆಳಗೆ ಒಂದು ನರ ಇದೆ ಅಂದೆನಲ್ಲ, ತುಂಬ ಹೊತ್ತು ಕೂತಾಗ ಅದು ಒತ್ತಿಕೊಳ್ಳುತ್ತದೆ. ಆಗ ಪಾದ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಎದ್ದು ಹೆಜ್ಜೆಯಿಟ್ಟರೆ ಪಾದ ಮಡಚಿ ಬೀಳುತ್ತೇವೆ. ಕಾಲು ಚಾಚಿ ಕೂತು, ಇರುವೆ ಹರಿದ ಹಾಗಾಗುವುದು ಪೂರ್ತಿ ನಿಲ್ಲುವವರೆಗೂ ಕಾಯಿರಿ. ಹೆಬ್ಬೆರಳನ್ನು ಮೇಲಕ್ಕೆತ್ತಿ ನೋಡಿ. ಅದು ನೀವು ಹೇಳಿದ ಹಾಗೆ ಏಳುತ್ತಿದ್ದರೆ ನೀವೂ ಏಳಬಹುದು. ಅರ್ಧ ಗಂಟೆಯಾದರೂ ಹೆಬ್ಬೆರಳು ಏಳದಿದ್ದರೆ ಅದು ಬರೀ ಜೋಮು ಅಲ್ಲ, ಅವತ್ತೇ ವೈದ್ಯರಿಗೆ ತೋರಿಸಿ.